ಯುದ್ಧಕ್ಕೆ ಕೊಟ್ಟ ಕಾರಣವೂ ಯುದ್ಧದ ಕಾರಣವೂ ಒಂದೆಯೇ?

ರಥಬೀದಿಯ ಓದುಗ, ಉಡುಪಿ

ಕಳೆದ ಶನಿವಾರ ಇಲ್ಲೊಂದು ತಾಳಮದ್ದಳೆ ಇತ್ತು, ಎಂದರೆ ವೇಷ ಕುಣಿತವಿಲ್ಲದೆ, ಅರ್ಥಧಾರಿಗಳು ಕೂತು ಪಾತ್ರಗಳಾಗಿ ಮಾತಿನಲ್ಲೇ ನಡೆಸುವ ಯಕ್ಷಗಾನ. ಮಳೆ ಹಿಡಿದು ಬಿಟ್ಟಿರಲಿಲ್ಲ, ಕೇಳುಗರು ಮೂವತ್ತು ಮಂದಿ ಇದ್ದರೆ ಹೆಚ್ಚು. ಪ್ರಸಂಗ ವಾಲಿಯದ್ದು. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗವೇ ಒಂದೂವರೆ ಗಂಟೆ ನಡೆಯಿತು. ರಾಮನ ಅರ್ಥ ಹೇಳಿದವರು ಸಮರ್ಥರು, ಒಂದರ ಹಿಂದೊಂದು ಸಮರ್ಥನೆ ಕೊಟ್ಟರು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದಕ್ಕೆ ದಂಡನೆ. ನೀನು ಮೃಗ, ಬೇಟೆಯಲ್ಲಿ ಮರೆ ನಿಲ್ಲುವುದು ತಪ್ಪಲ್ಲ. ಈ ನೆಲ ಭರತನದ್ದು, ನಾನು ಅವನ ಪರವಾಗಿ ಬಂದವನು. ವಾಲಿಯ ಅರ್ಥಧಾರಿ ಎಲ್ಲವನ್ನೂ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳಿದರು: "ಬೆಂಕಿಯ ಮುಂದೆ ಸುಗ್ರೀವನಿಗೆ ಮಾತು ಕೊಡುವ ಮೊದಲು ಈ ಕಾರಣಗಳನ್ನು ತೂಗಿದೆಯೋ, ಮಾತು ಕೊಟ್ಟ ಮೇಲೆ ಹುಡುಕಿದೆಯೋ?"

ಕೊಡೆ ಹಿಡಿದು ಮನೆಗೆ ನಡೆಯುವಾಗ ನನ್ನ ತಲೆಯಲ್ಲಿದ್ದದ್ದು ಕಿಷ್ಕಿಂಧೆಯಲ್ಲ, ಇರಾಕ್. 2002ರ ಜುಲೈ 28ರಂದು ಬ್ರಿಟನ್ನಿನ ಪ್ರಧಾನಿ ಟೋನಿ ಬ್ಲೇರ್ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರಿಗೆ ಒಂದು ಟಿಪ್ಪಣಿ ಬರೆದರು. ಅದರ ಮೊದಲ ಮಾತೇ "ಏನೇ ಆಗಲಿ, ನಾನು ನಿಮ್ಮೊಂದಿಗಿರುತ್ತೇನೆ" ಎಂದು. ಜನರ ಕಣ್ಣಿಗೆ ಅದು ಬಿದ್ದದ್ದು 2016ರಲ್ಲಿ, ಇರಾಕ್ ಯುದ್ಧದ ಕುರಿತು ಬ್ರಿಟನ್ ನಡೆಸಿದ ಚಿಲ್ಕಾಟ್ ವಿಚಾರಣೆಯ ವರದಿಯ ಜೊತೆಗೆ. ಟಿಪ್ಪಣಿ ಹೋದ ಎರಡು ತಿಂಗಳಿಗೆ, ಸೆಪ್ಟೆಂಬರ್ 24ರಂದು, ಬ್ರಿಟಿಷ್ ಸರ್ಕಾರ ಪುಸ್ತಿಕೆಯೊಂದನ್ನು ಹೊರಡಿಸಿತು. ಇರಾಕಿನ ಕೆಲವು ರಾಸಾಯನಿಕ, ಜೈವಿಕ ಅಸ್ತ್ರಗಳು ಆದೇಶ ಬಂದ 45 ನಿಮಿಷಗಳಲ್ಲಿ ಸಿದ್ಧವಾಗಬಲ್ಲವು ಎಂಬ ಪ್ರಸಿದ್ಧ ಮಾತು ಬಂದದ್ದು ಅದರಲ್ಲಿ. ಮಾತು ಜುಲೈಯಲ್ಲಿ, ಕಾರಣ ಸೆಪ್ಟೆಂಬರಿನಲ್ಲಿ.

ಆಮೇಲಿನದ್ದೂ ಹಾಗೆಯೇ. ಇರಾಕ್ ಆಫ್ರಿಕಾದಿಂದ ಯುರೇನಿಯಂ ತರಿಸಲು ಯತ್ನಿಸಿತ್ತು ಎಂದು 2003ರ ಜನವರಿ 28ರಂದು ಬುಷ್ ತಮ್ಮ ಸಂಸತ್ತಿನ ಮುಂದೆ ಹೇಳಿದರು. ಮಾರ್ಚ್ 7ರಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಮುಖ್ಯಸ್ಥ ಎಲ್‌ಬರಾದಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂದು, ಯುರೇನಿಯಂ ಖರೀದಿಗೆ ಆಧಾರವೆಂದು ತೋರಿಸಿದ, ಆಫ್ರಿಕಾದ ನೈಜರ್ ದೇಶದ ಹೆಸರಿನಲ್ಲಿದ್ದ ಪತ್ರಗಳು ಅಸಲಿಯಲ್ಲ ಎಂದರು. ಮಾರ್ಚ್ 20ರಂದು ಬಾಂಬು ಬಿತ್ತು. ನಡುವಿನ ಹದಿಮೂರು ದಿನಗಳಲ್ಲಿ ಬುಷ್ ಆಗಲಿ ಬ್ಲೇರ್ ಆಗಲಿ "ಹಾಗಾದರೆ ಮತ್ತೊಮ್ಮೆ ಯೋಚಿಸೋಣ" ಎನ್ನಲಿಲ್ಲ. ಅಸ್ತ್ರಗಳು ಸಿಗದೇ ಹೋದಾಗ ಪ್ರಜಾಪ್ರಭುತ್ವ ಮುಂದೆ ಬಂತು, ಸರ್ವಾಧಿಕಾರಿಯಿಂದ ಬಿಡುಗಡೆ ಮುಂದೆ ಬಂತು.

ನನ್ನ ಅಳತೆಗೋಲು ಹೀಗೆ. ಕೊಟ್ಟ ಕಾರಣ ಕುಸಿದಾಗ ಸರ್ಕಾರ ಏನು ಮಾಡುತ್ತದೆ ಎಂದು ನೋಡಬೇಕು. ಕಾರಣ ಬಿದ್ದರೂ ಯುದ್ಧ ನಿಲ್ಲದೆ ಹೊಸ ಕಾರಣ ಹುಟ್ಟಿಕೊಂಡರೆ, ಮೊದಲನೆಯದು ಕಾರಣವೇ ಆಗಿರಲಿಲ್ಲ. ಒಪ್ಪದವರು ಬನ್ನಿ.

ಕಲ್ಸಂಕ

ರಾಯರೇ, ಇರಾಕಿನ ಚರ್ಚೆಗೆ ರಾಮನನ್ನು ಏಕೆ ಎಳೆದಿರಿ? ಬುಷ್ ಎಲ್ಲಿ, ರಾಮ ಎಲ್ಲಿ?

ರಥಬೀದಿಯ ಓದುಗ, ಉಡುಪಿ

ಎಳೆದದ್ದು ನಾನಲ್ಲ, ವಾಲಿ. ನಮ್ಮ ಕಡೆ ಪ್ರತಿ ಮಳೆಗಾಲವೂ ಯಾರೋ ಒಬ್ಬರು ಆ ಪ್ರಶ್ನೆ ಕೇಳುತ್ತಾರೆ, ರಾಮನ ಅರ್ಥ ಹೇಳುವವರು ಎದುರು ಕೂತು ಉತ್ತರಿಸುತ್ತಾರೆ. ಉತ್ತರಿಸಿ ಗೆಲ್ಲುವವರೂ ಇದ್ದಾರೆ. ಕೇಳಿದ್ದಕ್ಕೆ ಉತ್ತರ ಕೊಟ್ಟ ಎಂಬುದೇ ಅಲ್ಲಿ ರಾಮನ ದೊಡ್ಡತನ ಎಂದು ನನ್ನ ಎಣಿಕೆ.

ಹಳೆಯ ಕುವೈತಿ, ಮಂಗಳೂರು

ನಾನು 1990ರ ಆಗಸ್ಟ್ 2ರಂದು, ಇರಾಕಿನ ಸೈನ್ಯ ನುಗ್ಗಿದ ದಿನ, ಕುವೈತಿನಲ್ಲಿದ್ದವನು. ಆದ್ದರಿಂದ ಈ ಚರ್ಚೆಯಲ್ಲಿ ನನ್ನ ಮಾತು ಸ್ವಲ್ಪ ಬಿಸಿಯಾಗಿದ್ದರೆ ಕ್ಷಮಿಸಿ.

ಸರ್ಕಾರಗಳು ಕೊಡುವ ಯುದ್ಧದ ಕಾರಣಗಳೆಲ್ಲ ಸುಳ್ಳು ಎಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನೀವು ಹಾಗೆ ಹೇಳಿಲ್ಲ, ಆದರೆ ಇಂತಹ ಚರ್ಚೆ ಐದನೆಯ ಉತ್ತರಕ್ಕೆ ಅಲ್ಲಿಗೇ ಹೋಗಿ ಬೀಳುತ್ತದೆ. ಆ ಬೆಳಿಗ್ಗೆ ಟ್ಯಾಂಕುಗಳು ಬಂದದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಒಂದು ದೇಶ ಇನ್ನೊಂದು ದೇಶವನ್ನು ನುಂಗಿತು, ಅದಕ್ಕೆ ಗುಪ್ತಚರ ವರದಿ ಬೇಕಿರಲಿಲ್ಲ. ನನ್ನ ಸಂಬಳ, ಬ್ಯಾಂಕಿನ ಉಳಿತಾಯ, ಕೋಣೆಯ ಸಾಮಾನು ಎಲ್ಲ ಅಲ್ಲಿಯೇ ಉಳಿಯಿತು. ಬಸ್ಸಿನಲ್ಲಿ ಬಾಗ್ದಾದಿಗೆ, ಅಲ್ಲಿಂದ ಅಮ್ಮಾನಿಗೆ, ಮರುಭೂಮಿಯ ಡೇರೆಯಲ್ಲಿ ಹನ್ನೊಂದು ದಿನ, ಆಮೇಲೆ ಏರ್ ಇಂಡಿಯಾದಲ್ಲಿ ಬೊಂಬಾಯಿ. ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಹಾಗೆ ಕರೆತಂದರು, 488 ಹಾರಾಟಗಳು. ಬೊಂಬಾಯಿಯಿಂದ ಮಂಗಳೂರಿಗೆ ಬಸ್ಸಿನಲ್ಲಿ ಬಂದು ಇಳಿದಾಗ ನನ್ನ ಕೈಯಲ್ಲಿ ಒಂದು ಚೀಲ, ಪಾಸ್‌ಪೋರ್ಟ್, ಹಲ್ಲುಜ್ಜುವ ಬ್ರಷ್.

ಈಗ ನಿಮಗೆ ಅನುಕೂಲವಾಗುವ ಮಾತನ್ನೂ ನಾನೇ ಹೇಳಿಬಿಡುತ್ತೇನೆ. ಅಷ್ಟು ಗಟ್ಟಿಯಾದ ಕಾರಣ ಇದ್ದಾಗಲೂ ಅವರಿಗೆ ಸಾಕಾಗಲಿಲ್ಲ. 1990ರ ಅಕ್ಟೋಬರ್ 10ರಂದು ಹದಿನೈದು ವರ್ಷದ ಹುಡುಗಿಯೊಬ್ಬಳು ವಾಷಿಂಗ್ಟನ್ನಿನಲ್ಲಿ ಜನಪ್ರತಿನಿಧಿಗಳ ಮುಂದೆ ಅಳುತ್ತಾ ಸಾಕ್ಷಿ ಹೇಳಿದಳು, ಇರಾಕಿ ಸೈನಿಕರು ಆಸ್ಪತ್ರೆಯ ಇನ್‌ಕ್ಯುಬೇಟರುಗಳಿಂದ ಎಳೆಯ ಶಿಶುಗಳನ್ನು ಎತ್ತಿ ನೆಲದಲ್ಲಿ ಬಿಟ್ಟರು ಎಂದು. ಅವಳ ಮನೆತನದ ಹೆಸರನ್ನು ಮುಚ್ಚಿಟ್ಟಿದ್ದರು. ಯುದ್ಧ ಮುಗಿದ ಮೇಲೆ, 1992ರಲ್ಲಿ ಗೊತ್ತಾಯಿತು: ಅವಳು ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು, ಸಾಕ್ಷ್ಯವನ್ನು ಸಜ್ಜುಗೊಳಿಸಿದ್ದು ಒಂದು ಪ್ರಚಾರ ಸಂಸ್ಥೆ. ಆ ಕಥೆಗೆ ಆಧಾರ ಸಿಗಲಿಲ್ಲ. ನನ್ನ ಅತ್ತಿಗೆ ಅಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಟಿವಿಯಲ್ಲಿ ಅದನ್ನು ಕೇಳಿ, "ಔಷಧಿ ಇಲ್ಲದೆ, ಸಿಬ್ಬಂದಿ ಇಲ್ಲದೆ ಸತ್ತವರ ಕಥೆ ಯಾರಿಗೂ ಬೇಡವೇ?" ಎಂದಿದ್ದರು. ನಿಜವಾದ ನೋವಿನ ಮೇಲೆ ಸುಳ್ಳನ್ನು ಸವರಿದರು. ಅದಕ್ಕೆ ನನಗೆ ಇಂದಿಗೂ ಸಿಟ್ಟಿದೆ.

ಬಿಜೈ ವಕೀಲ

ಹಿರಿಯರ ಅನುಭವದ ಮುಂದೆ ಕಾನೂನಿನ ಮಾತು ಸಪ್ಪೆ ಎನಿಸಬಹುದು. ಆದರೂ ಎರಡು ಯುದ್ಧಗಳ ನಡುವಿನ ಗೆರೆ ಅಲ್ಲಿಯೇ ಇದೆ.

ವಿಶ್ವಸಂಸ್ಥೆಯ ಸನ್ನದು ಬಲಪ್ರಯೋಗಕ್ಕೆ ಎರಡೇ ಬಾಗಿಲು ಇಟ್ಟಿದೆ. 51ನೆಯ ವಿಧಿಯ ಪ್ರಕಾರ ಆತ್ಮರಕ್ಷಣೆ, ಇಲ್ಲವೇ ಭದ್ರತಾ ಮಂಡಳಿಯ ಅನುಮತಿ. ಕುವೈತಿನಿಂದ ಇರಾಕನ್ನು ಹೊರಗಟ್ಟಲು ಬಲ ಬಳಸಬಹುದೆಂಬ 1990ರ ನವೆಂಬರ್ 29ರ 678ನೆಯ ನಿರ್ಣಯ ಎರಡನೆಯ ಬಾಗಿಲಿನಿಂದ ಬಂದದ್ದು. ಹನ್ನೆರಡು ಮತ ಪರ, ಕ್ಯೂಬಾ ಮತ್ತು ಯೆಮನ್ ವಿರುದ್ಧ, ಚೀನಾ ತಟಸ್ಥ. ಜನವರಿ 15ರ ಗಡುವನ್ನೂ ಕೊಟ್ಟಿತ್ತು. 2002ರ ನವೆಂಬರ್ 8ರ 1441ನೆಯ ನಿರ್ಣಯಕ್ಕೆ ಹದಿನೈದಕ್ಕೆ ಹದಿನೈದು ಮತ ಬಿತ್ತು. ಹೇಗೆ? ಅದರಲ್ಲಿ ಇರಾಕಿಗೆ "ಕೊನೆಯ ಅವಕಾಶ" ಎಂದಿತ್ತು, "ಗಂಭೀರ ಪರಿಣಾಮ" ಎಂದಿತ್ತು, ಯುದ್ಧದ ಅನುಮತಿ ಎಂದು ಮಾತ್ರ ಇರಲಿಲ್ಲ. ಎಲ್ಲರೂ ತಮಗೆ ಬೇಕಾದ ಅರ್ಥ ಓದಿಕೊಂಡು ಕೈ ಎತ್ತಿದರು. ನಮ್ಮಲ್ಲಿ ಪಾಲುಪಟ್ಟಿ ಬರೆಯುವಾಗ ಜಗಳ ತಪ್ಪಿಸಲು ಗಡಿಯನ್ನು ಮಸುಕಾಗಿ ಬರೆಯುತ್ತಾರಲ್ಲ, ಆ ಜಗಳ ಮೊಮ್ಮಕ್ಕಳ ಕಾಲಕ್ಕೆ ನನ್ನ ಕಚೇರಿಗೆ ಬರುತ್ತದೆ. ಹಾಗೆಯೇ ಇದು.

ಅರ್ಜಿದಾರರಿಗೆ ನನ್ನ ತಕರಾರೂ ಇದೆ. ಬ್ಲೇರ್ ಟಿಪ್ಪಣಿಯ ಮೊದಲ ಸಾಲನ್ನು ಮಾತ್ರ ಓದಿದಿರಿ. ಮುಂದೆ ಅವರು ತೊಡಕುಗಳನ್ನು ಬಿಡಿಸಿ ಹೇಳುತ್ತಾರೆ, ವಿಶ್ವಸಂಸ್ಥೆಯ ದಾರಿಯಲ್ಲಿ ಹೋಗೋಣ ಎಂದೂ ಒತ್ತಾಯಿಸುತ್ತಾರೆ. ಅದು ಬರಿಯ ಬೆಂಬಲದ ಚೀಟಿ ಅಲ್ಲ. ಬ್ರಿಟನ್ನಿನ ನಿಜವಾದ ತಪ್ಪನ್ನು ನಾನು ಬೇರೆ ಕಡೆ ಕಾಣುತ್ತೇನೆ. ಸರ್ಕಾರದ ಮುಖ್ಯ ಕಾನೂನು ಸಲಹೆಗಾರ, ಅಟಾರ್ನಿ ಜನರಲ್ ಗೋಲ್ಡ್‌ಸ್ಮಿತ್ 2003ರ ಮಾರ್ಚ್ 7ರಂದು ಪ್ರಧಾನಿಗೆ ಕೊಟ್ಟ ಗುಪ್ತ ಅಭಿಪ್ರಾಯದಲ್ಲಿ, ಎರಡನೆಯ ನಿರ್ಣಯ ಪಡೆಯುವುದೇ ಸುರಕ್ಷಿತ ದಾರಿ ಎಂದಿದ್ದರು, ಸಂಶಯಗಳನ್ನು ಪುಟಗಟ್ಟಲೆ ಬರೆದಿದ್ದರು. ಮಾರ್ಚ್ 17ರಂದು ಸಂಸತ್ತಿಗೆ ಕೊಟ್ಟ ಚಿಕ್ಕ ಉತ್ತರದಲ್ಲಿ ಸಂಶಯ ಒಂದೂ ಉಳಿದಿರಲಿಲ್ಲ. ಮರುದಿನ ಸಂಸತ್ತು 412ಕ್ಕೆ 149ರಂತೆ ಯುದ್ಧಕ್ಕೆ ಒಪ್ಪಿತು. ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್‌ಷರ್ಸ್ಟ್ ರಾಜೀನಾಮೆ ಕೊಟ್ಟು ಹೊರಬಂದರು. ಸಚಿವ ರಾಬಿನ್ ಕುಕ್ ಕೂಡ.

ಕಕ್ಷಿದಾರನಿಗೆ ಕೊಟ್ಟ ಅಭಿಪ್ರಾಯ ಒಂದು, ನ್ಯಾಯಾಲಯಕ್ಕೆ ಕೊಟ್ಟದ್ದು ಇನ್ನೊಂದು. ನಮ್ಮ ವೃತ್ತಿಯಲ್ಲಿ ಇದು ಅಪರೂಪವಲ್ಲ ಎಂದು ನೀವು ನಗುವ ಮೊದಲು ನಾನೇ ನಕ್ಕಿದ್ದೇನೆ.

ಮಣಿಪಾಲದ ವಿದ್ಯಾರ್ಥಿನಿ

2003ರಲ್ಲಿ ನಾನು ಹುಟ್ಟಿರಲಿಲ್ಲ, ಆದ್ದರಿಂದ ಇದೆಲ್ಲ ನನಗೆ ಇತಿಹಾಸ. ಒಂದು ಗೊಂದಲ. ಅದು ಸುಳ್ಳೋ, ತಪ್ಪೋ? ಆ ವರ್ಷ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಪುಟ್ಟ ಸೀಸೆ ಎತ್ತಿ ಹಿಡಿದು ಮಾತನಾಡಿದ ಚಿತ್ರ ನೋಡಿದ್ದೇನೆ. ಲಾರಿಗಳ ಮೇಲಿನ ಸಂಚಾರಿ ರೋಗಾಣು ಪ್ರಯೋಗಾಲಯಗಳ ಬಗ್ಗೆ ಅವರು ಹೇಳಿದ್ದರ ಮುಖ್ಯ ಆಧಾರ ಜರ್ಮನಿಗೆ ಓಡಿಬಂದಿದ್ದ ಒಬ್ಬ ಇರಾಕಿ. ಅಮೆರಿಕದವರು ಅವನಿಗಿಟ್ಟ ಗುಪ್ತನಾಮ ‘ಕರ್ವ್‌ಬಾಲ್’. ತಾನು ಕಟ್ಟುಕಥೆ ಹೇಳಿದ್ದಾಗಿ ಅವನೇ 2011ರಲ್ಲಿ ಒಪ್ಪಿಕೊಂಡ. ಪೊವೆಲ್ ಅದನ್ನು ನಂಬಿದ್ದರೆ ಅವರು ಸುಳ್ಳುಗಾರರೇ? ಸದ್ದಾಮ್ ಕೂಡ ಅಸ್ತ್ರ ಇದೆಯೋ ಇಲ್ಲವೋ ಎಂಬ ಅನುಮಾನವನ್ನು ನೆರೆಯವರ ಭಯಕ್ಕೆ ಬೇಕೆಂದೇ ಉಳಿಸಿಕೊಂಡಿದ್ದ ಎಂದು ಓದಿದ್ದೇನೆ.

ರಥಬೀದಿಯ ಓದುಗ, ಉಡುಪಿ

ಒಳ್ಳೆಯ ಪ್ರಶ್ನೆ, ತಂಗಿ. ವಕೀಲರ ತಕರಾರನ್ನೂ ಒಪ್ಪಿಕೊಂಡು ಉತ್ತರಿಸುತ್ತೇನೆ.

ಸುಳ್ಳು ಮತ್ತು ತಪ್ಪಿನ ನಡುವೆ ಮೂರನೆಯದೊಂದಿದೆ. ಮಗನಿಗೆ ಹೆಣ್ಣು ನೋಡುವಾಗ, ಮನೆಯವರು ಮೊದಲೇ ಮನಸ್ಸು ಮಾಡಿದ್ದರೆ, ವಿಚಾರಿಸಲು ಹೋದವನು ಒಳ್ಳೆಯದನ್ನೇ ಕೇಳಿಕೊಂಡು ಬರುತ್ತಾನೆ. ಅವನು ಸುಳ್ಳು ಹೇಳುವುದಿಲ್ಲ. ಯಾರ ಮನೆಯ ಬಾಗಿಲು ತಟ್ಟಬಾರದು ಎಂಬುದು ಅವನಿಗೆ ಗೊತ್ತು, ಅಷ್ಟೇ. 2002ರ ಜುಲೈ 23ರಂದು ಬ್ಲೇರ್ ಮನೆಯಲ್ಲಿ ನಡೆದ ಸಭೆಯ ಟಿಪ್ಪಣಿಯಲ್ಲಿ, ಅಮೆರಿಕದಿಂದ ಮರಳಿದ್ದ ಬ್ರಿಟಿಷ್ ಗುಪ್ತಚರ ಮುಖ್ಯಸ್ಥರ ವರದಿಯಾಗಿ ದಾಖಲಾದದ್ದು ಇದೇ: ಗುಪ್ತಚರ ಮಾಹಿತಿಯನ್ನೂ ವಾಸ್ತವಾಂಶಗಳನ್ನೂ ನೀತಿಯ ಸುತ್ತ ಹೊಂದಿಸಲಾಗುತ್ತಿದೆ. ಚಿಲ್ಕಾಟ್ ವರದಿ ಬ್ಲೇರ್ ಅವರನ್ನು ಸುಳ್ಳುಗಾರ ಎನ್ನಲಿಲ್ಲ. ಅಪಾಯದ ಕುರಿತ ತೀರ್ಮಾನಗಳನ್ನು ಸಮರ್ಥನೆಯಿಲ್ಲದ ಖಚಿತತೆಯಿಂದ ಮುಂದಿಟ್ಟರು ಎಂದಿತು, ಶಾಂತಿಯ ದಾರಿಗಳು ಇನ್ನೂ ಮುಗಿದಿರಲಿಲ್ಲ ಎಂದಿತು. "ಇರಬಹುದು" ಎಂಬುದನ್ನು "ಇದೆ" ಎಂದು ಮಾಡಿದ್ದೇ ಅಪರಾಧ.

ಸದ್ದಾಮ್ ವಿಷಯ ಸರಿ. ಅವನೇನೂ ನಿರಪರಾಧಿಯಲ್ಲ. ಮಿತಿ ಮೀರಿದ ದೂರಕ್ಕೆ ಹಾರುವ ಕ್ಷಿಪಣಿಗಳು ವಿಶ್ವಸಂಸ್ಥೆಯ ಅಸ್ತ್ರ ತನಿಖಾಧಿಕಾರಿ ಹಾನ್ಸ್ ಬ್ಲಿಕ್ಸ್ ಕೈಗೆ ಸಿಕ್ಕಿದ್ದವು. ಸಿಕ್ಕಿದ ಮೇಲೆ ಅವುಗಳನ್ನು ಒಡೆದುಹಾಕುವ ಕೆಲಸವೂ ಮಾರ್ಚ್‌ನಲ್ಲಿ ನಡೆಯುತ್ತಿತ್ತು. ಒಡೆಯುವ ಕೆಲಸ ನಡೆಯುತ್ತಿರುವಾಗಲೇ ತನಿಖಾಧಿಕಾರಿಗಳು ಹೊರಡಬೇಕಾಯಿತು.

ಕೋಡಿ ಕಡಲು, ಕುಂದಾಪುರ

ಎಲ್ಲರೂ ಬುಷ್, ಬ್ಲೇರ್ ಎಂದು ಬೈದು ಸುಖವಾಗಿದ್ದೀರಿ. ಅದೇ ಅಳತೆಗೋಲನ್ನು 1971ಕ್ಕೆ ಹಿಡಿಯಿರಿ ನೋಡೋಣ. ಏಪ್ರಿಲ್‌ನಲ್ಲಿಯೇ ಪ್ರಧಾನಿ ಇಂದಿರಾ ಗಾಂಧಿ ಪೂರ್ವ ಪಾಕಿಸ್ತಾನಕ್ಕೆ (ಇಂದಿನ ಬಾಂಗ್ಲಾದೇಶ) ಸೇನೆ ನುಗ್ಗುವ ವಿಚಾರ ಎತ್ತಿದರು, ತಾನು ಸಮಯ ಕೇಳಿದೆ ಎಂದು ಸೇನಾ ಮುಖ್ಯಸ್ಥ ಮಾಣೆಕ್‌ಷಾ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಅಲ್ಲಿನ ಬಂಗಾಳಿ ಹೋರಾಟಗಾರರ ಪಡೆ ಮುಕ್ತಿವಾಹಿನಿಗೆ ತರಬೇತಿ ಕೊಟ್ಟೆವು. ನವೆಂಬರ್ ಕೊನೆಯ ಹೊತ್ತಿಗೆ ನಮ್ಮ ಪಡೆಗಳು ಗಡಿಯ ಆಚೆ ಕಾದಾಡುತ್ತಿದ್ದವು. ಡಿಸೆಂಬರ್ 3ರಂದು ಪಾಕಿಸ್ತಾನ ನಮ್ಮ ವಾಯುನೆಲೆಗಳ ಮೇಲೆ ಬಾಂಬು ಹಾಕಿದಾಗ "ಅವರೇ ಶುರು ಮಾಡಿದರು" ಎಂದೆವು. ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಕದನವಿರಾಮದ ಪರ 104 ಮತ, ನಮ್ಮ ಕಡೆ 11. ಮಾತು ಮೊದಲು, ಕಾರಣ ಆಮೇಲೆ. ವಾಲಿಯ ಪ್ರಶ್ನೆಗೆ ಈಗ ಉತ್ತರ ಹೇಳಿ, ಮಾರಾಯರೇ.

ಕಲ್ಸಂಕ

ಇದಕ್ಕೆ ಉತ್ತರ ಬರುವುದು ತಡವಾಗುತ್ತದೆ ಎಂದು ಕಾಣುತ್ತದೆ.

ರಥಬೀದಿಯ ಓದುಗ, ಉಡುಪಿ

ತಡವಾಯಿತು, ಹೌದು. ಎರಡು ದಿನ ಯೋಚಿಸಿದೆ.

ಮೊದಲು ಒಪ್ಪಿಗೆ: ಡಿಸೆಂಬರ್ 3 ಎಂಬ ತಾರೀಕು ನಮಗೆ ಅನುಕೂಲವಾಗಿ ಒದಗಿಬಂತು. ನಮ್ಮ ಪಠ್ಯಪುಸ್ತಕಗಳಲ್ಲಿ ಯುದ್ಧ ಅಂದು ಆರಂಭವಾಗುತ್ತದೆ, ನವೆಂಬರ್ ಇಲ್ಲವೇ ಇಲ್ಲ. ಅಷ್ಟರ ಮಟ್ಟಿಗೆ ನಾವೂ ಕಾರಣವನ್ನು ಇಸ್ತ್ರಿ ಮಾಡಿ ಇಟ್ಟಿದ್ದೇವೆ.

ಆದರೆ ಒಂದು ವ್ಯತ್ಯಾಸವನ್ನು ನನಗೆ ದಾಟಲು ಆಗುತ್ತಿಲ್ಲ. ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಕೊಲೆ ಆರಂಭವಾಯಿತು. ಆಮೇಲೆ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಬಂದರು. ಆ ಶಿಬಿರಗಳಿಗೆ ಜಗತ್ತಿನ ಪತ್ರಕರ್ತರು ಬಂದರು, ಎಡ್ವರ್ಡ್ ಕೆನಡಿಯಂತಹ ಅಮೆರಿಕದ ಸೆನೆಟರೇ ಬಂದು ನೋಡಿ ಹೋದರು. "ನಮ್ಮಲ್ಲಿ ಗುಪ್ತ ಮಾಹಿತಿ ಇದೆ, ನಂಬಿ" ಎಂದು ನಾವು ಹೇಳಬೇಕಿರಲಿಲ್ಲ. ಕಾರಣ ಮೊದಲು ಬಂತು, ನಿರ್ಧಾರ ಅದರ ಹಿಂದೆ ಬಂತು, ಹೊರಗೆ ಹೇಳಿದ್ದು ಮಾತ್ರ ಮೂರನೆಯದು. ಡಿಸೆಂಬರ್ 16ರಂದು ಶರಣಾಗತಿ, 1972ರ ಮಾರ್ಚ್ ಹೊತ್ತಿಗೆ ನಮ್ಮ ಸೈನ್ಯ ಬಾಂಗ್ಲಾದೇಶದಿಂದ ಮನೆಗೆ. ಕೊಟ್ಟ ಕಾರಣ ತೀರಿದ ಮೇಲೆ ಅಲ್ಲಿ ಉಳಿಯಲಿಲ್ಲ. ಹಾಗಾಗಿ ನನ್ನ ಕೋಲನ್ನು ಸ್ವಲ್ಪ ಉದ್ದ ಮಾಡುತ್ತೇನೆ: ಕುಸಿದಾಗ ಏನು ಮಾಡಿದರು ಎಂಬುದರ ಜೊತೆಗೆ, ತೀರಿದಾಗ ಏನು ಮಾಡಿದರು ಎಂದೂ ನೋಡಬೇಕು.

ಕೋಡಿ ಕಡಲು, ಕುಂದಾಪುರ

ಕೋಲು ಸಾಲದಾಗ ಉದ್ದ ಮಾಡುವುದು! ಇದನ್ನೇ ಅಲ್ಲವೇ ನೀವು ಸರ್ಕಾರಗಳಿಗೆ ಬೈದದ್ದು. ಇರಲಿ, ಅರ್ಧ ಒಪ್ಪಿದೆ.

ಸುಳ್ಯದ ನಿವೃತ್ತ ಮೇಷ್ಟ್ರು

ಬಾಗ್ದಾದ್, ಢಾಕಾ ಸುತ್ತಿ ಬಂದಿರಿ. ಮಂಗಳೂರಿನ ಬಾವುಟ ಗುಡ್ಡೆಯ ಕೆಳಗೆ ದಿನಾ ಬಸ್ಸು ಹಿಡಿಯುವವರಿಗೆ ಒಂದು ಮನೆಯ ಕಥೆ.

1834ರಲ್ಲಿ ಕಂಪನಿ ಸರ್ಕಾರ ಕೊಡಗಿನ ಮೇಲೆ ಯುದ್ಧ ಹೂಡಿತು. ಕೊಟ್ಟ ಕಾರಣಗಳನ್ನು ಓದಿದರೆ ನಿಮಗೆ ಮೈ ಜುಮ್ಮೆನ್ನುತ್ತದೆ, ಅಷ್ಟು ಹೊಸದಾಗಿವೆ. ದೊರೆ ಚಿಕ್ಕವೀರರಾಜೇಂದ್ರ ಸ್ವಂತ ಪ್ರಜೆಗಳ ಮೇಲೆ, ಬಂಧುಗಳ ಮೇಲೆ ಕ್ರೌರ್ಯ ಎಸಗಿದ್ದಾನೆ. ಆಶ್ರಯ ಕೇಳಿ ಬಂದ ಅವನ ತಂಗಿ ಮತ್ತು ಭಾವನನ್ನು ನಾವು ಕಾಪಾಡಬೇಕಾಗಿದೆ. ನಮ್ಮ ದೂತನನ್ನು ಸೆರೆಯಲ್ಲಿಟ್ಟಿದ್ದಾನೆ. ಇವು ಪೂರ್ತಿ ಸುಳ್ಳೇನಲ್ಲ, ಅರಸ ಕ್ರೂರಿಯೇ ಆಗಿದ್ದ. ಏಪ್ರಿಲ್‌ನಲ್ಲಿ ಕೊಡಗು ಬಿತ್ತು. ಮೇ 7ರ ಘೋಷಣೆಯಲ್ಲಿ, ಬ್ರಿಟಿಷ್ ಸರ್ಕಾರದ ಆಶ್ರಯಕ್ಕೆ ಬರಬೇಕೆಂಬುದು ಕೊಡಗಿನ ನಿವಾಸಿಗಳ ಸರ್ವಾನುಮತದ ಇಚ್ಛೆ ಎಂದು ಬರೆದರು. ಅರಸ ತೊಲಗಿದರೆ ಸಾಕಿತ್ತಲ್ಲ, ಇನ್ನೊಬ್ಬನನ್ನು ಕೂರಿಸಬಹುದಿತ್ತಲ್ಲ ಎಂಬ ಪ್ರಶ್ನೆಗೆ ಆ ಒಂದು ಪದ ಉತ್ತರ: ಸರ್ವಾನುಮತ.

ಕೊಡಗಿನ ಕೈಯಲ್ಲಿದ್ದ ನಮ್ಮ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಬೆಳೆದದ್ದರಲ್ಲಿ ಪಾಲು ಕೊಟ್ಟು ತೆರಿಗೆ ತೀರಿಸುತ್ತಿದ್ದ ರೈತ ಈಗ ನಗದು ಎಣಿಸಬೇಕಾಯಿತು. ಕಾಡಿನ ನಡುವೆ ಭತ್ತ, ಅಡಿಕೆ ಬೆಳೆಯುವವನ ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಸರ್ವಾನುಮತದಿಂದ ಬಯಸಿದ್ದ ಜನ ಮೂರೇ ವರ್ಷಕ್ಕೆ, 1837ರ ಮಾರ್ಚ್ ಕೊನೆಯಲ್ಲಿ ಎದ್ದರು. ಬೆಳ್ಳಾರೆಯ ಖಜಾನೆ ಹಿಡಿದರು, ಪುತ್ತೂರು, ಬಂಟ್ವಾಳ ದಾಟಿ ಏಪ್ರಿಲ್ 5ರಂದು ಮಂಗಳೂರಿಗೆ ನುಗ್ಗಿದರು. ಗುಡ್ಡೆಯ ಮೇಲೆ ಹದಿಮೂರು ದಿನ ಅವರ ಬಾವುಟ ಹಾರಿತು. ಕಣ್ಣೂರಿನಿಂದ ಪಡೆ ಬಂತು. ಮುಂದಾಳುಗಳನ್ನು ಗಲ್ಲಿಗೇರಿಸಿದರು.

ಇಷ್ಟೆಲ್ಲ ಹೇಳಿದ್ದು ಹೆಸರಿಗಾಗಿ. ದಂಗೆ ನಡೆದದ್ದು ಕಲ್ಯಾಣಪ್ಪ ಎಂಬ ಮುಂದಾಳುವಿನ ಹೆಸರಿನಲ್ಲಿ, ನನ್ನ ಅಜ್ಜಿ ಅದನ್ನು "ಕಲ್ಯಾಣಪ್ಪನ ಕಾಟಕಾಯಿ" ಎಂದೇ ಕರೆಯುತ್ತಿದ್ದರು. ಎಂದರೆ ಕಾಟ, ಲೂಟಿ. ಕಂಪನಿಯ ಕಣ್ಣಿಗೆ ಕಂಡ ಹೆಸರು ನಮ್ಮ ಹಟ್ಟಿ ಅಂಗಳದಲ್ಲಿ ನೂರು ವರ್ಷ ಓಡಾಡಿತು. ಗುಡ್ಡೆಯ ಮೇಲೆ ಆ ಮುಂದಾಳುಗಳಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತದ್ದು 2022ರಲ್ಲಿ. ಇರಾಕಿನಲ್ಲಿ ನಡೆದದ್ದನ್ನು "ಇರಾಕಿನ ಬಿಡುಗಡೆ" ಎನ್ನುವ ಅಜ್ಜಿಯರು ಎಲ್ಲಿಯಾದರೂ ಇದ್ದಾರೆಯೇ ಎಂದು ನನಗೊಂದು ಕುತೂಹಲ.

ನಿರ್ವಾಹಕರು

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ಈಗಿನ ಚುನಾವಣೆ, ಈಗಿನ ಪಕ್ಷಗಳ ಕುರಿತ ನಾಲ್ಕು ಉತ್ತರಗಳನ್ನು ತೆಗೆದಿದ್ದೇವೆ. ಬರೆದವರಿಗೆ ಕಾರಣ ತಿಳಿಸಿದ್ದೇವೆ, ಅದು ಬದಲಾಗುವುದಿಲ್ಲ.

ಬಂದರಿನ ವ್ಯಾಪಾರಿ

ಮೀನಿಗೆ ಐಸ್ ಹಾಕುವ ಹೊತ್ತಿನಲ್ಲಿ ಇದನ್ನೆಲ್ಲ ಓದಿದೆ. ಸ್ವಾರಸ್ಯವಾಗಿದೆ. ಆದರೆ ಮಂಗಳೂರಿನಲ್ಲಿ ಕೂತು ನಾವು ಅಳತೆಗೋಲು ಹಿಡಿದರೆ ಯಾವ ಸರ್ಕಾರ ಯುದ್ಧ ನಿಲ್ಲಿಸುತ್ತದೆ?

ಬಿಜೈ ವಕೀಲ

ನಿಲ್ಲಿಸುವುದಿಲ್ಲ. ಆದರೆ ಸೇರುವುದನ್ನು ತಡೆಯಬಹುದು. 2003ರ ಏಪ್ರಿಲ್ 8ರಂದು ನಮ್ಮ ಲೋಕಸಭೆ ಇರಾಕ್ ಯುದ್ಧದ ಕುರಿತು ನಿರ್ಣಯ ಮಾಡಿತು. ಹಿಂದಿಯಲ್ಲಿ ‘ನಿಂದಾ’ ಎಂಬ ಪದ. ಅದರ ಅರ್ಥ ಖಂಡನೆಯೋ, ಬರಿಯ ವಿಷಾದವೋ ಎಂಬ ಜಗ್ಗಾಟ ನಡೆದಿತ್ತು. ಅಂದು ಅದನ್ನು ಓದಿ ನಾನೂ ನಕ್ಕಿದ್ದೆ. ಆಮೇಲೆ ಅಮೆರಿಕ ನಮ್ಮ ಸೈನ್ಯವನ್ನು ಇರಾಕಿಗೆ ಕಳುಹಿಸಿ ಎಂದು ಕೇಳಿತು. ಕಳುಹಿಸಬೇಕೆಂದು ವಾದಿಸಿದವರು ದೆಹಲಿಯಲ್ಲಿ ಕಡಿಮೆ ಇರಲಿಲ್ಲ. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಆಗುವುದಿಲ್ಲ ಎಂದು ಜುಲೈ 14ರಂದು ವಾಜಪೇಯಿ ಸರ್ಕಾರ ತೀರ್ಮಾನಿಸಿತು. ನಮ್ಮ ಹುಡುಗರು ಆ ಯುದ್ಧಕ್ಕೆ ಹೋಗಲಿಲ್ಲ. ಪದದ ಮೇಲಿನ ಜಗ್ಗಾಟ ಪೂರ್ತಿ ವ್ಯರ್ಥವಾಗಿರಲಿಲ್ಲ.

ಹಳೆಯ ಕುವೈತಿ, ಮಂಗಳೂರು

ನಾನು ಒಮ್ಮೆ ಹೇಳಿ ಸುಮ್ಮನಾಗಬೇಕೆಂದಿದ್ದೆ. ಮೇಷ್ಟ್ರು ನಗದಿನ ಮಾತೆತ್ತಿದ್ದರಿಂದ ಇನ್ನೊಂದು ನೆನಪಾಯಿತು.

ಕುವೈತಿನಿಂದ ಓಡಿ ಬಂದವರಿಗೆ ಪರಿಹಾರ ಕೊಡಲು ವಿಶ್ವಸಂಸ್ಥೆ 1991ರಲ್ಲಿ ಒಂದು ಆಯೋಗ ಮಾಡಿತು. ಅರ್ಜಿ ನಮೂನೆ ಬಂತು, ತುಂಬಿದೆ, ದೆಹಲಿಯ ವಿದೇಶಾಂಗ ಇಲಾಖೆಯ ಮೂಲಕ ಹೋಯಿತು. ಬೇರೆ ನಷ್ಟಕ್ಕೆ ಅರ್ಜಿ ಹಾಕದ ಒಂಟಿ ಮನುಷ್ಯನಿಗೆ 4,000 ಡಾಲರ್. ವರ್ಷಗಳು ಕಳೆದವು, ಕಂತಿನಲ್ಲಿ ಬಂತು. ಮನೆಯ ಮಾಡಿಗೆ ಹೊಸ ಹೆಂಚು ಹೊದಿಸಿದ್ದು ಆ ಹಣದಲ್ಲಿ. ಆ ಹಣ ಇರಾಕಿನ ಎಣ್ಣೆ ಮಾರಿದ್ದರಲ್ಲಿ ಮುರಿದುಕೊಂಡದ್ದು. 2003ರಲ್ಲಿ ಸದ್ದಾಮ್ ಹೋದ ಮೇಲೂ, ಇರಾಕ್ ಹೊತ್ತಿ ಉರಿಯುತ್ತಿದ್ದಾಗಲೂ, ಮುರಿಯುವ ಪಾಲು ಕಡಿಮೆಯಾಯಿತು, 2014ರಿಂದ ಕೆಲವು ವರ್ಷ ತಡೆದಿಟ್ಟರು, ಆದರೆ ಮನ್ನಾ ಆಗಲಿಲ್ಲ. ಕೊನೆಯ ಕಂತನ್ನು ಅವರು ತೀರಿಸಿದ್ದು 2022ರಲ್ಲಿ, ಒಟ್ಟು 5,240 ಕೋಟಿ ಡಾಲರ್.

ನಾನು ಹಣ ತೆಗೆದುಕೊಂಡದ್ದಕ್ಕೆ ನಾಚಿಕೆ ಪಡುವುದಿಲ್ಲ, ಅದು ನನ್ನ ದುಡಿಮೆ. ಆದರೆ ಬಸ್ಸಿನಲ್ಲಿ ಬಾಗ್ದಾದ್ ದಾಟುವಾಗ, ರಸ್ತೆ ಬದಿಯಲ್ಲಿ ಒಬ್ಬ ಇರಾಕಿ ಮುದುಕ ನಮ್ಮ ಬಸ್ಸಿನ ಕಿಟಕಿಗಳಿಗೆ ಖರ್ಜೂರದ ಪೊಟ್ಟಣ ಎಸೆದಿದ್ದ, ದುಡ್ಡು ಕೇಳಲಿಲ್ಲ. 2003ರಲ್ಲಿ ಅವನ ಮನೆಯ ಮಾಡು ಬಿದ್ದಿದ್ದರೆ ಅವನಿಗೆ ಯಾವ ನಮೂನೆ ಬರಬೇಕಿತ್ತು, ಯಾರ ಎಣ್ಣೆಯಿಂದ? ವಕೀಲರೇ, ಅಂತಹ ಆಯೋಗ ಆಗಿದೆಯೇ?

ಬಿಜೈ ವಕೀಲ

ಆಗಿಲ್ಲ, ಹಿರಿಯರೇ.